ಮೈಲುತುತ್ತದ ನೀಲಿಯೂ ಅದರೊಳಗಿನ ನೀರೂ



ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ತೋಟಗಾರರಿಗೆ ಮೈಲುತುತ್ತವು ಚಿರಪರಿಚಿತ ವಸ್ತು. ಮೈಸೂರು ಸಂಸ್ಥಾನದಲ್ಲಿ ಎಲ್. ಸಿ. ಕೋಲ್ಮನ್ನರು ಈ ರೋಗವನ್ನು ಕುರಿತ ತಮ್ಮ ವರದಿಯನ್ನು 1910ರಲ್ಲಿ ಪ್ರಕಟಿಸಿದರು. ಆ ಬಳಿಕ ಈ ಸಿಂಪರಣೆಯು ಮಲೆನಾಡಿನಲ್ಲಿ ರೂಢಿಗೆ ಬಂದಿತು. ಆದರೆ ಮಿಕ್ಕ ತುತ್ತವು ಬೇಸಗೆಯಲ್ಲಿ ಬಿಳಿಚಿ ಪುಡಿಯಾದರೆ, ಕೆಲವರು ಅದು ಕೆಟ್ಟಿತೆಂದು ಚೆಲ್ಲುವರು. ಕೆಲವರು ಸತ್ವ ಕುಂದಿತೆಂದು ಹೆಚ್ಚಾಗಿ ಬೆರೆಸುವರು. ಈ ಎರಡೂ ಸರಿಯಲ್ಲ.

1 ಕಿಲೋಗ್ರಾಂ ತುತ್ತದ ಹರಳಿನಲ್ಲಿ ಸುಮಾರು 360 ಗ್ರಾಂ ನೀರೇ ಇರುವುದು. ಇದು ಹರಳನ್ನು ತೋಯಿಸಿದ ನೀರಲ್ಲ. ಹರಳಿನ ರಚನೆಯಲ್ಲಿಯೇ ಸೇರಿಕೊಂಡ ನೀರು. ಇದಕ್ಕೆ ಸ್ಫಟಿಕಜಲವೆಂದು ಹೆಸರು. ತುತ್ತದ ಒಂದೊಂದು ಅಣುವಿಗೆ ನೀರಿನ ಐದು ಅಣುಗಳು ಸೇರಿರುವುವು. ಅವುಗಳಲ್ಲಿ ನಾಲ್ಕು ತಾಮ್ರವನ್ನು ಸುತ್ತುವರಿದಿರುವುವು. ಹೀಗೆ ನೀರಿನಿಂದ ಸುತ್ತುವರಿದ ತಾಮ್ರವು ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುವುದರಿಂದ ಹರಳು ನಮಗೆ ನೀಲಿಯಾಗಿ ಕಾಣುವುದು. ನೀರು ಹೋದರೆ ನೀಲಿಯೂ ಹೋಗುವುದು.

ಇದನ್ನು ಪರೀಕ್ಷಿಸಬಹುದು. ಅಡಿಗೆಗೆ ಬಳಸದ ಒಂದು ಓಡಿನ ಚೂರಿನಲ್ಲಿ ತುತ್ತದ ಸಣ್ಣ ಹರಳನ್ನಿಟ್ಟು, ಬಯಲಿನಲ್ಲಿ ಮಂದವಾದ ಉರಿಯ ಮೇಲೆ ಕಾಯಿಸಿದರೆ ಅದು ಬಿಳಿಯ ಪುಡಿಯಾಗುವುದು. ಆರಿದ ಮೇಲೆ ಒಂದೆರಡು ಹನಿ ನೀರು ಹಾಕಿದರೆ ಪುಡಿಯು ಬಿಸಿಯೇರಿ ಮತ್ತೆ ನೀಲಿಯಾಗುವುದು. ತಾಮ್ರವು ಎಲ್ಲಿಯೂ ಹೋಗಿರಲಿಲ್ಲ.

ತೂಕದಲ್ಲಿ ಮಾತ್ರ ಎಚ್ಚರಿಕೆ ಬೇಕು. 1 ಕಿಲೋಗ್ರಾಂ ನೀಲಿ ಹರಳಿನಲ್ಲಿ ಸುಮಾರು 255 ಗ್ರಾಂ ತಾಮ್ರವಿದ್ದರೆ, ಪೂರ್ಣ ಬಿಳಿಚಿದ ಅಷ್ಟೇ ತೂಕದ ಪುಡಿಯಲ್ಲಿ ಸುಮಾರು 400 ಗ್ರಾಂ ಇರುವುದು. ಅದನ್ನು ಹಳೆಯ ಸತ್ವಹೀನ ಸುಣ್ಣದೊಡನೆ ಬೆರೆಸಿದರೆ ಸುಣ್ಣವು ಸಾಲದೆ, ಎಳೆಯ ಕಾಯಿಗಳು ಸುಡುವ ಭಯವುಂಟು. ಆದುದರಿಂದ ತುತ್ತವನ್ನು ಕೊಂಡ ದಿನ, ನೀಲಿಯಾಗಿರುವಾಗಲೇ, 1 ಕಿಲೋಗ್ರಾಮಿನಂತೆ ತೂಗಿ ಬೇರೆ ಬೇರೆ ಪೊಟ್ಟಣ ಕಟ್ಟಿ ಗಾಳಿಯಾಡದಂತೆ ಇಡಬೇಕು. ಮುಂದೆ ಬಿಳಿಚಿದರೂ ಒಂದು ಪೊಟ್ಟಣವು 100 ಲೀಟರ್ ದ್ರಾವಣಕ್ಕೆ ಸರಿಯಾಗಿಯೇ ಇರುವುದು, ಮತ್ತೆ ತೂಗಬೇಕಾದುದಿಲ್ಲ.

ಹರಳು ಹಸಿರಾಗಿದ್ದರೆ ಮಾತು ಬೇರೆ. ಅನ್ನಭೇದಿಯು ಹಸಿರು ಬಣ್ಣದ ಕಬ್ಬಿಣದ ಲವಣ. ಅದು ಕಲಬೆರಕೆಯಾಗಿರುವ ಸಂಶಯವಿರುವುದರಿಂದ ಅಂತಹ ತುತ್ತವನ್ನು ಕೊಳ್ಳಬಾರದು. ಹಳೆಯ ಅನ್ನಭೇದಿಯು ಗಾಳಿ ತಗುಲಿ ಕಂದಾಗುವುದು. ಈ ಕಂದು ನೀರು ಹಾಕಿದರೂ ಹೋಗದು.

ಕಡೆಯದಾಗಿ, ಸಿದ್ಧವಾದ ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅದರ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ತಿಳಿಹಾಲನ್ನು ಸೇರಿಸಬೇಕು. ಕೆಂಪು ಕೂರದಿದ್ದರೆ ದ್ರಾವಣವನ್ನು ಅಂದೇ ಸಿಂಪಡಿಸಬಹುದು.