ಇವತ್ತು ಆಟ ಎಲ್ಲಿ?

ದೀಪಾವಳಿ ಕಳೆದು ಗದ್ದೆಯ ಕೊಯ್ಲು ಮುಗಿಯುತ್ತ ಬರುವ ಹೊತ್ತಿಗೆ ಕರಾವಳಿಯ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಹುಟ್ಟಿಕೊಳ್ಳುತ್ತದೆ. ಚಹದ ಅಂಗಡಿಯಲ್ಲಿ, ಬಸ್ಸಿನ ತಂಗುದಾಣದಲ್ಲಿ, ಗದ್ದೆಯ ಹುಣಿಯಲ್ಲಿ ಎದುರಾದವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಅದು: ಇವತ್ತು ಆಟ ಎಲ್ಲಿ? ಯಕ್ಷಗಾನ ಬಯಲಾಟವನ್ನು ಅಲ್ಲಿಯ ಜನ ಬರೇ ‘ಆಟ’ ಎನ್ನುತ್ತಾರೆ. ಬೇರೆ ಯಾವ ಆಟವೂ ಆಟವಲ್ಲ ಎಂಬ ಧಾಟಿಯಲ್ಲಿ. ನವೆಂಬರಿನಲ್ಲಿ ಹೊರಡುವ ಮೇಳಗಳು ಮೇ ತಿಂಗಳ ಕೊನೆಯ ವಾರದವರೆಗೆ ದಿನಕ್ಕೊಂದು ಊರಿನಂತೆ ತಿರುಗುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಸುಮಾರಿಗೆ ಬರುವ ಪತ್ತನಾಜೆಗೆ ತೆಂಕಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಯವರೆಗೆ, ಸುಮಾರು ಆರು ತಿಂಗಳ ಕಾಲ, ಉತ್ತರ ಕನ್ನಡದಿಂದ ಕಾಸರಗೋಡಿನವರೆಗಿನ ನೆಲದಲ್ಲಿ ಆಟವಿಲ್ಲದ ರಾತ್ರಿ ಇಲ್ಲ.

ಆಟದ ಬಗ್ಗೆ, ಅದರ ತಿಟ್ಟುಗಳ ಬಗ್ಗೆ, ವೇಷಭೂಷಣಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥ 1957ರಷ್ಟು ಹಿಂದೆಯೇ ಬಂದಿದೆ. ಆದರೆ ಆ ಸಣ್ಣ ಪ್ರಶ್ನೆಗೆ ಉತ್ತರ ಯಾವ ದಾರಿಯಿಂದ ಬರುತ್ತಿತ್ತು, ಈಗ ಯಾವ ದಾರಿಯಿಂದ ಬರುತ್ತಿದೆ ಎಂಬುದರ ಕಡೆಗೆ ಗಮನ ಹರಿದದ್ದು ಕಡಿಮೆ. ಆಟದ ಸುದ್ದಿ ಹೇಗೆ ಹರಡುತ್ತದೋ ಅದಕ್ಕೆ ತಕ್ಕ ಜನ ಸೇರುತ್ತಾರೆ. ಜನಕ್ಕೆ ತಕ್ಕಂತೆ ಆಟವೂ ಮಾರ್ಪಡುತ್ತದೆ. ಇಂದಿನ ಮಾತು ಆ ಸುದ್ದಿಯ ಕುರಿತು.

ಎಲ್ಲಕ್ಕಿಂತ ಹಳೆಯ ಪ್ರಕಟಣೆ ಎಂದರೆ ಚೆಂಡೆಯದು. ಆಟ ನಡೆಯುವ ಊರಿನಲ್ಲಿ ಮುಸ್ಸಂಜೆಯ ಹೊತ್ತಿಗೆ ಚೆಂಡೆ ಮದ್ದಳೆಗಳನ್ನು ಬಾರಿಸುವುದಕ್ಕೆ ‘ಕೇಳಿ ಹೊಡೆಯುವುದು’ ಎಂದು ಹೆಸರು. ಹೆಸರೇ ಎಷ್ಟು ಸೊಗಸಾಗಿದೆ ನೋಡಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಸಂಜೆಯ ನಿಶ್ಶಬ್ದದಲ್ಲಿ, ಚೆಂಡೆಯ ಪೆಟ್ಟು ಗದ್ದೆ ಬಯಲು ದಾಟಿ ಗುಡ್ಡದಾಚೆಯ ಮನೆಗಳಿಗೂ ಕೇಳುತ್ತಿತ್ತು. ಸದ್ದು ಬಂದ ದಿಕ್ಕು ಹಿಡಿದರೆ ಸಾಕು, ವಿಳಾಸ ಬೇಡ. ಬೇಗ ಉಂಡು, ಒಣಗಿದ ತೆಂಗಿನ ಗರಿಯ ಸೂಟೆ ಹೊತ್ತಿಸಿಕೊಂಡು, ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಮಂದಿ ಹೊರಡುತ್ತಿದ್ದರು. ಆ ಪ್ರಕಟಣೆಯಲ್ಲಿ ಪ್ರಸಂಗ ಯಾವುದೆಂದು ಇಲ್ಲ, ಭಾಗವತರು ಯಾರೆಂದು ಇಲ್ಲ, ಟಿಕೇಟಿನ ದರವಂತೂ ಇಲ್ಲವೇ ಇಲ್ಲ. ಕೇಳಿಸಿದವರೆಲ್ಲರೂ ಕರೆಯಲ್ಪಟ್ಟವರೇ. ಅದು ತಲುಪುವ ದೂರ ಮಾತ್ರ ಚೆಂಡೆಯ ದನಿ ತಲುಪುವಷ್ಟೇ, ಕಾಲು ನಡೆಯುವಷ್ಟೇ. ಒಂದು ಆಟದ ಸಮುದಾಯವೆಂದರೆ ಅಷ್ಟು ಸುತ್ತಳತೆಯ ಊರು.

ಇದಕ್ಕೆ ಹೊಂದಿಕೊಂಡಂತೆ ಇರುವುದು ಹರಕೆ ಬಯಲಾಟ. ಕಟೀಲು, ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೊದಲಾದ ದೇವಸ್ಥಾನಗಳ ಹೆಸರಿನಲ್ಲಿ ಹೊರಡುವ ಮೇಳಗಳನ್ನು ಭಕ್ತರು ತಮ್ಮ ಹರಕೆ ತೀರಿಸುವುದಕ್ಕಾಗಿ ಆಡಿಸುತ್ತಾರೆ. ಕಾಯಿಲೆ ಗುಣವಾದರೆ, ಮಗು ಹುಟ್ಟಿದರೆ, ತಗಾದೆ ಬಗೆಹರಿದರೆ ಒಂದು ಆಟ ಎಂದು ಹೇಳಿಕೊಂಡವರ ಹೆಸರು ದೇವಸ್ಥಾನದ ಪುಸ್ತಕದಲ್ಲಿ ಸರದಿಗೆ ಸೇರುತ್ತದೆ. ಬೇಡಿಕೆ ಎಷ್ಟಿದೆಯೆಂದರೆ ಮಂದಾರ್ತಿ, ಕಟೀಲುಗಳಂಥ ಕಡೆ ಒಂದೊಂದು ದೇವಸ್ಥಾನದಿಂದ ಹಲವು ಮೇಳಗಳು ಹೊರಟರೂ ಸರದಿಗಾಗಿ ಹತ್ತಾರು ವರ್ಷ ಕಾಯುವವರಿದ್ದಾರೆ. ಮುಂಬರುವ ಕಾರ್ಯಕ್ರಮಗಳ ಪಟ್ಟಿ ಇಷ್ಟು ಉದ್ದವಾಗಿರುವ ಕಲೆ ಬೇರೆ ಎಲ್ಲಿದ್ದೀತು? ನಗರದ ಸಭಾಭವನದಲ್ಲಿ ಮೂರು ತಿಂಗಳ ಮುಂಚೆ ದಿನಾಂಕ ಗೊತ್ತಾದರೆ ಅದೇ ದೊಡ್ಡ ಮುಂದಾಲೋಚನೆ. ಇಲ್ಲಿ ಹರಕೆ ಹೊತ್ತವರು ತೀರಿಕೊಂಡು, ಅವರ ಹೆಸರಿಗೆ ಬಂದ ಸರದಿಯನ್ನು ಮಕ್ಕಳು ನಡೆಸಿಕೊಡುವುದುಂಟು.

ಹರಕೆ ಆಟದ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಬೇಕು. ಮೇಲೆ ದೇವರ ಹೆಸರು. ಕೆಳಗೆ ಮನೆಯ ಹಿರಿಯರಿಂದ ಕಿರಿಯರವರೆಗೆ ಕುಟುಂಬದವರ ಹೆಸರು. ನಡುವೆ ಆಟದ ದಿನ, ‘ನಮ್ಮ ಮನೆಯ ವಠಾರದಲ್ಲಿ’ ಎಂಬ ಸ್ಥಳ ಸೂಚನೆ, ಚೌಕಿ ಪೂಜೆಯ ಹೊತ್ತು, ಅನ್ನಸಂತರ್ಪಣೆಯ ಹೊತ್ತು. ಪ್ರಸಂಗದ ಹೆಸರು ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಕಟೀಲು ಮೇಳವಾದರೆ ಹೆಚ್ಚಿನವರು ಬಯಸುವುದು ದೇವಿ ಮಹಾತ್ಮೆಯನ್ನೇ. ಇರದಿರುವುದು ಕಲಾವಿದರ ಹೆಸರು. ರಾತ್ರಿಯಿಡೀ ಹಾಡುವ ಭಾಗವತರದಾಗಲಿ, ಮಹಿಷಾಸುರನಾಗಿ ಸೂಟೆಗಳ ನಡುವೆ ಅಬ್ಬರಿಸಿ ಬರುವವರದಾಗಲಿ ಹೆಸರು ಆ ಕಾಗದದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆ ದಿನ ಬರುವವರು ಮೊದಲು ನೆಂಟರು, ನೆರೆಕರೆಯವರು, ಪ್ರೇಕ್ಷಕರು ಆಮೇಲೆ. ಊಟ ಬಡಿಸುವಾಗ ಕರೆದು ಬಂದವರು, ಕರೆಯದೆ ಬಂದವರು ಎಂಬ ಭೇದ ಮಾಡುವ ಕ್ರಮವಿಲ್ಲ.

ಈಗ ಡೇರೆ ಮೇಳದ ಕಡೆಗೆ ಬರೋಣ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಯಲಿಗೆ ಸುತ್ತು ಕಟ್ಟಿ, ಡೇರೆ ಹಾಕಿ, ಟಿಕೇಟು ಇಟ್ಟು ಆಡುವ ಪದ್ಧತಿ ಬೇರೂರಿತು. ಈಸಿಚೇರು, ಕುರ್ಚಿ, ಬೆಂಚು, ನೆಲ ಎಂದು ತರಗತಿಗಳಾದವು. ಟಿಕೇಟು ಕೊಂಡು ಬರುವ ಜನರನ್ನು ಚೆಂಡೆಯೊಂದೇ ಕರೆದುತರಲಾರದು. ಹತ್ತು ಮೈಲಿ ಆಚೆಯವರೂ ಬರಬೇಕು, ಬಂದು ದುಡ್ಡು ಕೊಡಬೇಕು. ಹಾಗಾದರೆ ಏನು ವಿಶೇಷ ಎಂದು ಮೊದಲೇ ತಿಳಿಯಬೇಕು. ಆಗ ಬಂದದ್ದು ಕರಪತ್ರ.

ಸಭೆಯಲ್ಲಿರುವ ಹಿರಿಯರಿಗೆ ಆ ಕರಪತ್ರಗಳ ನೆನಪಿರಬಹುದು. ಗುಲಾಬಿ, ಹಳದಿ, ತಿಳಿಹಸಿರು ಬಣ್ಣದ ತೆಳು ಕಾಗದ, ಮೊಳೆ ಜೋಡಿಸಿ ಒತ್ತಿದ ದಪ್ಪ ಅಕ್ಷರ, ಕೈಗೆ ಮೆತ್ತುವ ಶಾಯಿ. ಮೈಕು ಕಟ್ಟಿದ ಜೀಪು ಊರೊಳಗೆ ಬಂದರೆ ಶಾಲೆಯ ಮಕ್ಕಳು ಪಾಠ ಮರೆತು ಅದರ ಹಿಂದೆ ಓಡುತ್ತಿದ್ದರು. ಒಬ್ಬೊಬ್ಬರ ಕೈಗೆ ಒಂದೇ ಪ್ರಸಂಗದ ನಾಲ್ಕು ನಾಲ್ಕು ಕರಪತ್ರ. ಮನೆಗೆ ತಂದರೆ ಮಡಚಿ ಪುಸ್ತಕಕ್ಕೆ ರಟ್ಟು ಹಾಕುವವರು, ಬಿಡಿಸಿ ಬಾಯಿಪಾಠ ಮಾಡುವವರು. ಓದು ಕಲಿತ ಎಷ್ಟೋ ಮಕ್ಕಳಿಗೆ ಪಠ್ಯಪುಸ್ತಕದ ಆಚೆ ಸಿಕ್ಕಿದ ಮೊದಲ ಓದು ಅದೇ ಆಗಿದ್ದರೆ ಆಶ್ಚರ್ಯವಿಲ್ಲ.

ಆ ಕಾಗದದಲ್ಲಿ ಹರಕೆ ಆಟದ ಪತ್ರಿಕೆಯಲ್ಲಿ ಇಲ್ಲದ್ದೆಲ್ಲ ಇತ್ತು. ಭಾಗವತರ ಹೆಸರು ದಪ್ಪಕ್ಷರದಲ್ಲಿ, ಅವರಿಗೊಂದು ಬಿರುದು. ಸ್ತ್ರೀವೇಷಕ್ಕೊಬ್ಬರು, ಹಾಸ್ಯಕ್ಕೊಬ್ಬರು, ಖಳನಿಗೊಬ್ಬರು. ಕಾಳಿಂಗ ನಾವಡರ ಹೆಸರು ಅಚ್ಚಾದ ಕರಪತ್ರಕ್ಕೆ ಬೇರೆ ವಿವರಣೆಯೇ ಬೇಕಿರಲಿಲ್ಲ. ಸಾಲಿಗ್ರಾಮ ಮೇಳದ ಆ ಭಾಗವತರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಅವರ ದನಿ ಕೇಳುವುದಕ್ಕೆಂದೇ ಜನ ಆಟದಿಂದ ಆಟಕ್ಕೆ ಮೇಳವನ್ನು ಹಿಂಬಾಲಿಸಿ ಹೋಗುತ್ತಿದ್ದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರಿಗೂ ಅದೇ ಬಲವಿತ್ತು. ಅವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಕರಾವಳಿಯವರಿಗೆ ಅನಿಸಿದ್ದು, ತಮಗೆ ಎಂದೋ ಗೊತ್ತಿದ್ದದ್ದು ದೆಹಲಿಗೆ ಈಗ ಗೊತ್ತಾಯಿತು ಎಂದು.

ಕರಪತ್ರಕ್ಕೆ ಹೊಸತು ಬೇಕು. ಕಳೆದ ವರ್ಷದ್ದನ್ನೇ ಈ ವರ್ಷವೂ ಅಚ್ಚುಹಾಕಿದರೆ ಟಿಕೇಟು ಯಾರು ಕೊಂಡಾರು? ಹೀಗಾಗಿ ವರ್ಷಕ್ಕೊಂದು ಹೊಸ ಪ್ರಸಂಗ ಬರೆಸುವ ಪರಿಪಾಠ ಬೆಳೆಯಿತು. ಪುರಾಣದಿಂದ ಹೊರಗಿನ ಕಲ್ಪಿತ ಕಥೆಗಳು, ತುಳುನಾಡಿನ ವೀರರ ಕಥೆಗಳು, ಕೆಲವೊಮ್ಮೆ ಸಿನಿಮಾದ ನೆರಳಿನ ಕಥೆಗಳು ರಂಗಸ್ಥಳಕ್ಕೆ ಬಂದವು. ಇದರಿಂದ ಯಕ್ಷಗಾನ ಕೆಟ್ಟಿತು ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ ಕರಪತ್ರವನ್ನು ಬರೇ ದೂರುವುದು ನ್ಯಾಯವಲ್ಲ. ತಲೆಮಾರುಗಳಿಂದ ಹೆಸರಿಲ್ಲದೆ ಕುಣಿದವರ ಹೆಸರನ್ನು ಊರೂರಿಗೆ ತಲುಪಿಸಿದ್ದು ಆ ಅಗ್ಗದ ಬಣ್ಣದ ಕಾಗದವೇ. ಹೆಸರಿದ್ದವರು ಹೆಚ್ಚು ಸಂಬಳ ಕೇಳಬಹುದಿತ್ತು, ಒಂದು ಮೇಳ ಬಿಟ್ಟು ಇನ್ನೊಂದಕ್ಕೆ ಹೋಗಬಹುದಿತ್ತು. ಮಳೆಗಾಲದ ಆರು ತಿಂಗಳು ಕೆಲಸವಿಲ್ಲದ ವೃತ್ತಿಯಲ್ಲಿ ಅದು ಸಣ್ಣ ಮಾತಲ್ಲ. ಇನ್ನೊಂದು ಸಂಗತಿ: ಎಷ್ಟೋ ಕರಪತ್ರಗಳ ತಲೆಯಲ್ಲಿ ಶಾಲಾ ಕಟ್ಟಡದ ಸಹಾಯಾರ್ಥ, ಯುವಕ ಮಂಡಲದ ಸಹಾಯಾರ್ಥ ಎಂದಿರುತ್ತಿತ್ತು. ಮೇಳಕ್ಕೆ ಇಂತಿಷ್ಟು ಎಂದು ಕೊಟ್ಟು ಒಂದು ರಾತ್ರಿಯ ಆಟವನ್ನು ಊರವರು ಕೊಳ್ಳುತ್ತಿದ್ದರು. ಉಳಿದದ್ದು ಶಾಲೆಯ ಹೆಂಚಿಗೋ ಗೋಡೆಗೋ ಆಗುತ್ತಿತ್ತು.

ಡೇರೆ ಮೇಳಗಳ ಸಂಖ್ಯೆ ಇಂದು ಬೆರಳೆಣಿಕೆಗೆ ಇಳಿದಿದೆ. ಒಂದು ಕಾಲಕ್ಕೆ ಮನೆಮಾತಾಗಿದ್ದ ಸುರತ್ಕಲ್ ಮೇಳ, ಕರ್ನಾಟಕ ಮೇಳಗಳು ಈಗ ಇಲ್ಲ. ಧರ್ಮಸ್ಥಳ ಮೇಳ ಡೇರೆಯನ್ನು ಬಿಟ್ಟು ಸೇವೆಯ ಬಯಲಾಟಕ್ಕೆ ಹಿಂದಿರುಗಿತು. ಟೆಲಿವಿಷನ್ ಬಂದದ್ದು ಕಾರಣ ಎನ್ನುವುದು ಸಾಮಾನ್ಯ ಮಾತು. ಇರಬಹುದು, ಆದರೆ ಹರಕೆ ಮೇಳಗಳು ಅದೇ ಟೆಲಿವಿಷನ್ನಿನ ಕಾಲದಲ್ಲಿ ಕಡಿಮೆಯಾಗಲಿಲ್ಲ, ಹೆಚ್ಚಾದವು. ಟಿಕೇಟಿನ ಹಣವನ್ನು ನಂಬಿ ನಿಂತದ್ದು ಅಲುಗಿತು, ಹರಕೆಯನ್ನು ನಂಬಿ ನಿಂತದ್ದು ಉಳಿಯಿತು ಎನ್ನುವುದು ಹೆಚ್ಚು ಸರಿ.

ಈ ನಡುವೆ ಪತ್ರಿಕೆಗಳು ಆಟದ ಪ್ರಶ್ನೆಗೆ ಉತ್ತರ ಹೇಳುವ ಕೆಲಸ ವಹಿಸಿಕೊಂಡವು. ಕರಾವಳಿಯ ದಿನಪತ್ರಿಕೆಗಳಲ್ಲಿ ತಿರುಗಾಟದ ಕಾಲದಲ್ಲಿ ‘ಇಂದಿನ ಯಕ್ಷಗಾನ’ ಎಂಬ ರೀತಿಯ ಪುಟ್ಟ ಪಟ್ಟಿ ಬರುತ್ತದೆ. ಎಡಗಡೆ ಮೇಳದ ಹೆಸರು, ಬಲಗಡೆ ಊರಿನ ಹೆಸರು, ಹೆಚ್ಚಿನ ಮಟ್ಟಿಗೆ ಅಷ್ಟೇ. ಹೊರಗಿನವರಿಗೆ ಅದು ರೈಲಿನ ವೇಳಾಪಟ್ಟಿಗಿಂತ ನೀರಸವಾಗಿ ಕಂಡೀತು. ಒಳಗಿನವರು ಅದರಲ್ಲಿ ಏನೆಲ್ಲ ಓದುತ್ತಾರೆ! ಆ ಊರಿನಲ್ಲಿ ಆಟವೆಂದರೆ ಅದು ಯಾರ ಮನೆಯದು, ಯಾವ ಹರಕೆ, ಹೋದರೆ ಯಾರು ಸಿಕ್ಕಾರು, ಯಾವ ಪ್ರಸಂಗ ಇದ್ದೀತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿಹೋಯಿತು. ಈ ಪಟ್ಟಿಗೆ ಮಾತ್ರ ಆ ಗಡಿ ಇನ್ನೂ ತಿಳಿದಂತಿಲ್ಲ. ಅಲ್ಲಿನ ಊರುಗಳು ಇಲ್ಲಿನ ಊರುಗಳ ಪಕ್ಕದಲ್ಲೇ ಕುಳಿತಿರುತ್ತವೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯಲು ಹೋದ ಕರಾವಳಿಯವರಿಗೆ ಮಳೆಗಾಲದಲ್ಲಿ ಕಲಾವಿದರೇ ಅಲ್ಲಿಗೆ ಹೋಗಿ ಆಡಿ ಬರುವ ವಾಡಿಕೆಯೂ ಬಹಳ ಹಳೆಯದು.

ಇನ್ನು ಮಳೆಗಾಲದ ಚಿಕ್ಕಮೇಳದ ಬಗ್ಗೆ ಒಂದು ಮಾತು. ಪತ್ತನಾಜೆ ಕಳೆದ ಮೇಲೆ ಭಾಗವತರೊಬ್ಬರು, ಚೆಂಡೆ ಮದ್ದಳೆಯವರು, ಎರಡು ವೇಷ ಇಷ್ಟೇ ಸೇರಿದ ತಂಡ ಮುಂಚಿತವಾಗಿ ತಿಳಿಸಿ ಸಂಜೆ ಮನೆಮನೆಗೆ ಬರುತ್ತದೆ. ಮನೆಯವರು ದೀಪ ಹಚ್ಚಿ, ಅಕ್ಕಿ ತೆಂಗಿನಕಾಯಿ ಇಟ್ಟು ಬರಮಾಡಿಕೊಳ್ಳುತ್ತಾರೆ. ಜಗಲಿಯಲ್ಲಿ ಹತ್ತು ಹದಿನೈದು ನಿಮಿಷದ ಆಟ. ಅಲ್ಲಿ ಎಲ್ಲಿ ಎಂಬ ಪ್ರಶ್ನೆಯೇ ಇಲ್ಲ. ಆಟವೇ ಮನೆಯನ್ನು ಹುಡುಕಿಕೊಂಡು ಬಂದಿರುತ್ತದೆ.

ಈ ಲೆಕ್ಕಾಚಾರವೆಲ್ಲ ಒಮ್ಮೆಲೇ ನಿಂತದ್ದು 2020ರ ಮಾರ್ಚಿನಲ್ಲಿ. ಕೊರೊನಾ ಲಾಕ್‌ಡೌನ್ ಬಂದಾಗ ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ಮೇಳಗಳು ನಡುವೆಯೇ ಗೆಜ್ಜೆ ಬಿಚ್ಚಿದವು. 2021ರ ಬೇಸಗೆಯಲ್ಲೂ ತಿರುಗಾಟ ಪೂರ್ತಿಯಾಗಲಿಲ್ಲ. ತಪ್ಪಿದ ಹರಕೆಗಳು ಮುಂದಿನ ವರ್ಷಗಳ ಸರದಿಯ ಮೇಲೆ ಬಂದು ಕುಳಿತವು. ಮೊಬೈಲಿನಲ್ಲಿ ತಾಳಮದ್ದಳೆ ನೋಡುವ, ನೇರಪ್ರಸಾರದ ಕೊಂಡಿಯನ್ನು ವಾಟ್ಸಾಪಿನಲ್ಲಿ ಹಂಚುವ ಅಭ್ಯಾಸ ಆಗ ಮನೆಮನೆಗೂ ಹಬ್ಬಿತು. ಈಗ ಆಟದ ಸುದ್ದಿ ದುಬೈಗೂ ಅದೇ ಕ್ಷಣ ಮುಟ್ಟುತ್ತದೆ. ಪಕ್ಕದ ಮನೆಯವರಿಗೆ ಮುಟ್ಟದೆಯೂ ಹೋಗುತ್ತದೆ, ಅವರು ಆ ಗುಂಪಿನಲ್ಲಿ ಇಲ್ಲದಿದ್ದರೆ.

ಇತ್ತೀಚಿನ ದೊಡ್ಡ ಚರ್ಚೆ ಆಟದ ಹೊತ್ತಿನ ಕುರಿತಾದದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದಾದರೂ ಅದು ವರ್ಷಕ್ಕೆ 15 ದಿನ ಮೀರುವಂತಿಲ್ಲ. ವರ್ಷದಲ್ಲಿ ಆರು ತಿಂಗಳು, ದಿನವೂ ಬೆಳಗಿನವರೆಗೆ ನಡೆಯುವ ಕಲೆಗೆ ಈ ಲೆಕ್ಕ ಎಲ್ಲಿ ಹೊಂದೀತು? 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಗೆ ತಿರುಗಿದಾಗ ಭಕ್ತರಲ್ಲಿ ಒಂದು ವರ್ಗ ಪ್ರತಿಭಟಿಸಿತು, ಪಾದಯಾತ್ರೆ ನಡೆಯಿತು, ವಿಷಯ ಹೈಕೋರ್ಟಿಗೆ ಹೋಯಿತು. ಮುಂದೆ ಇಡೀ ರಾತ್ರಿಯ ಆಟಕ್ಕೆ ಮತ್ತೆ ದಾರಿಯಾಯಿತು. ಬೆಳಗಿನವರೆಗೆ ಆಡಿಸುತ್ತೇನೆಂದು ದೇವರಲ್ಲಿ ಹೇಳಿಕೊಂಡದ್ದನ್ನು ನಡುರಾತ್ರಿಗೆ ಮುಗಿಸಿದರೆ ಹರಕೆ ಸಂದೀತೇ ಎಂಬ ಅಳುಕು ಅವರದು. ಇತ್ತ ಮರುದಿನ ಕಚೇರಿಗೆ ಹೋಗಬೇಕಾದವರಿಗೆ, ಪರೀಕ್ಷೆಗೆ ಓದುವ ಮಕ್ಕಳ ಮನೆಯವರಿಗೆ, ನಿದ್ದೆಗೆಡುವ ಕಲಾವಿದರಿಗೂ ಕಾಲಮಿತಿ ಹಿತವಾಗಿಯೇ ಇದೆ. ಎರಡು ಕಡೆಯವರೂ ಸುಳ್ಳು ಹೇಳುತ್ತಿಲ್ಲ.

ಆದರೆ ಕಾಲಮಿತಿಯಿಂದ ಕಳೆದುಹೋದದ್ದನ್ನು ಹೆಸರಿಸಬೇಕಾಗುತ್ತದೆ. ಕೋಡಂಗಿ, ಬಾಲಗೋಪಾಲರ ಪೂರ್ವರಂಗ ಮೊದಲು ಬಿದ್ದುಹೋಯಿತು. ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗರು ಹೆಜ್ಜೆ ಕಲಿಯುತ್ತಿದ್ದದ್ದು ಜನ ಇನ್ನೂ ಬಂದು ಸೇರುತ್ತಿದ್ದ ಆ ಹೊತ್ತಿನಲ್ಲಿ. ಹಾಗೆಯೇ, ಇಡೀ ರಾತ್ರಿಯ ಆಟ ನಡೆದು ಬರುವವರಿಗೆ ಅನುಕೂಲವಾಗಿತ್ತು: ಕತ್ತಲಾಗುವಾಗ ಬಂದು ಬೆಳಕಿನಲ್ಲಿ ಮರಳಬಹುದಿತ್ತು, ಮೊದಲ ಬಸ್ಸು ಹಿಡಿಯಬಹುದಿತ್ತು. ರಾತ್ರಿ ಹನ್ನೆರಡೂವರೆಗೆ ಮುಗಿಯುವ ಆಟ ಬೈಕು, ಕಾರು ಇದ್ದವರದ್ದು. ಕಾಲಮಿತಿಯ ಆಟದ ಪ್ರಕಟಣೆಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಮಯ: ಸಂಜೆ ಇಂತಿಷ್ಟು ಗಂಟೆಯಿಂದ ರಾತ್ರಿ ಇಂತಿಷ್ಟು ಗಂಟೆಯವರೆಗೆ. ಕೇಳಿ ಹೊಡೆಯುತ್ತಿದ್ದ ಚೆಂಡೆಗೆ ಆಟ ಶುರುವಾಗುವ ಹೊತ್ತನ್ನಷ್ಟೇ ಹೇಳಲು ಬರುತ್ತಿತ್ತು. ಅಜ್ಜಿಯಂದಿರು ಚಾಪೆ ಸುತ್ತಿಕೊಂಡು ಹೊರಟದ್ದು ಅಷ್ಟನ್ನೇ ಕೇಳಿ.