ತಲೆಗೆ ಪೆಟ್ಟಾದಾಗ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಸುತ್ತಮುತ್ತ ತೆಂಗಿನ ತೋಟಗಳೇ. ಮರ ಹತ್ತಿದವನ ಕಾಲು ಒಮ್ಮೆ ಜಾರಿತೆನ್ನಿ. ಬಿದ್ದವನು ಎದ್ದು ಕೂತು, “ಏನೂ ಆಗಿಲ್ಲ ಬಿಡಿ” ಎನ್ನುತ್ತಾನೆ. ಮನೆಯವರು ದೇವರು ದೊಡ್ಡವನೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಮಾತನ್ನು ಅಷ್ಟು ಸುಲಭವಾಗಿ ನಂಬಬೇಡಿರೆಂದು ಹೇಳುವುದೇ ಈ ಹೊತ್ತಿನ ನನ್ನ ಉದ್ದೇಶ.

ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಬಳಿ ಅಲುಗಾಡಿಸಿ ನೋಡಿ. ಕರಟ ಬಿಟ್ಟ ಕೊಬ್ಬರಿ ಒಳಗೆ ಲೊಟಲೊಟ ಎನ್ನುತ್ತದೆ. ಸುಮಾರು 1.4 ಕಿಲೋ ತೂಗುವ ನಮ್ಮ ಮಿದುಳೂ ಬುರುಡೆಯೊಳಗೆ ತಿಳಿಯಾದ ದ್ರವದಲ್ಲಿ ತೇಲುತ್ತಿರುತ್ತದೆ. ಆದರೆ ಅದು ಕೊಬ್ಬರಿಯಂತೆ ಗಟ್ಟಿಯಲ್ಲ, ಬಹಳ ಮೃದು. ತಲೆ ನೆಲಕ್ಕೆ ಬಡಿದು ನಿಂತರೂ ಮಿದುಳು ನಿಲ್ಲದೆ ಬುರುಡೆಗೆ ಅಪ್ಪಳಿಸುತ್ತದೆ. ಪೆಟ್ಟು ಬಿದ್ದ ಕಡೆ ಮಾತ್ರವಲ್ಲ, ಎದುರು ಕಡೆಯೂ ಜಜ್ಜಿಹೋಗಬಹುದು.

ಇದು ಮೊದಲನೆಯ ಗಾಯ. ಆದದ್ದನ್ನು ಯಾವ ವೈದ್ಯರೂ ಅಳಿಸಲಾರರು. ಎರಡನೆಯದು ಆಮೇಲೆ ಬರುತ್ತದೆ. ಕಿವಿಯ ಮೇಲ್ಗಡೆ ತೆಳು ಮೂಳೆಯ ಒಳಮಗ್ಗುಲಲ್ಲಿ ಸಾಗುವ ರಕ್ತನಾಳ ಹರಿದರೆ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಬುರುಡೆ ಹಿಗ್ಗುವಂಥದ್ದಲ್ಲ; ಒತ್ತಡವೆಲ್ಲ ಮಿದುಳಿನ ಮೇಲೆ. ಚೆನ್ನಾಗಿ ಮಾತಾಡುತ್ತಿದ್ದವನು ಕೆಲವೇ ಗಂಟೆಗಳಲ್ಲಿ ಮಂಕಾಗಿ, ಉಸಿರೇ ನಿಲ್ಲುವುದು ಹೀಗೆ. ಸಕಾಲದಲ್ಲಿ ಆ ಹೆಪ್ಪನ್ನು ತೆಗೆದರೆ ಇಂಥವರು ಎಷ್ಟೋ ಮಂದಿ ಉಳಿಯುತ್ತಾರೆ.

ಪ್ರಜ್ಞೆಯನ್ನು ಅಳೆಯುವ ಕ್ರಮವನ್ನು 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದರು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಈ ಮೂರನ್ನು ನೋಡಿ ಅಂಕ ಕೊಡುತ್ತಾರೆ. 15 ಬಂದರೆ ಪೂರ್ಣ ಎಚ್ಚರ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಗಾಯ ತೀವ್ರವೆಂದು ಅರ್ಥ.

ಪೆಟ್ಟು ತೀರ ಬಲವಾಗಿದ್ದರೆ ಶಸ್ತ್ರಚಿಕಿತ್ಸೆಯೂ ಸಾಲದು. ಕಡೂರು ತಾಲ್ಲೂಕು ಪಂಚನಹಳ್ಳಿಯವರಾದ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೀಡಾದರು. ಶಸ್ತ್ರಚಿಕಿತ್ಸೆ ನಡೆದರೂ ಮಿದುಳು ಚೇತರಿಸಿಕೊಳ್ಳಲಿಲ್ಲ. ಪ್ರಜ್ಞೆ ತಪ್ಪಿದವರು ಮರಳಿ ಬರಬಹುದು. ಮಿದುಳೇ ಸತ್ತವರು ಬರಲಾರರು. ಆ ದುಃಖದಲ್ಲೂ ಅವರ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು.

ಆದ್ದರಿಂದ ಬಿದ್ದವರನ್ನು ಕುಲುಕಿ ಎಬ್ಬಿಸಬೇಡಿ; ಕುತ್ತಿಗೆ ಅಲುಗದಂತೆ ನೋಡಿಕೊಳ್ಳಿ. ಎಚ್ಚರ ತಪ್ಪಿದವರ ಬಾಯಿಗೆ ನೀರು, ಕಾಫಿ ಹಾಕಬೇಡಿ. ಎಚ್ಚರವಾಗಿಯೇ ಇದ್ದರೂ ವೈದ್ಯರಿಗೆ ತೋರಿಸಿ, ಒಂದು ಹಗಲು ಒಂದು ರಾತ್ರಿಯಾದರೂ ಜೊತೆಯಲ್ಲಿರಿ. ತಲೆನೋವು ಏರುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಬಿಡದ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆಮಾಡಿ. “ನಿದ್ದೆ ಮಾಡಲಿ ಪಾಪ” ಎಂದು ಬಿಟ್ಟ ಆ ರಾತ್ರಿಯೇ ಒಂದು ಜೀವದ ಬೆಲೆಯಾದೀತು.