ಕಿತ್ತೂರಿನ ವಾಡೆ



ಸಂಕೇಶ್ವರದಿಂದ ಹೆದ್ದಾರಿಯನ್ನು ಹಿಡಿದು ದಕ್ಷಿಣಕ್ಕೆ ಸಾಗುವವರಿಗೆ ಮೊದಲು ಕಾಕತಿಯೂ, ಬಳಿಕ ಬೆಳಗಾವಿಯೂ, ಅದರಾಚೆ ಕಿತ್ತೂರೂ ದೊರೆಯುವುವು. ಕಾಕತಿಯು ರಾಣಿ ಚೆನ್ನಮ್ಮನವರ ತವರು. ಕಿತ್ತೂರು ಅವರು ಸೊಸೆಯಾಗಿ ಹೊಕ್ಕ ಮನೆ. ಆ ಮನೆಯ ಯುದ್ಧದ ಕಥೆಯನ್ನು ಬಲ್ಲವರು ಅಸಂಖ್ಯರು. ಆ ಮನೆಯನ್ನು ಮನೆಯೆಂದು ಕಣ್ಣಿಟ್ಟು ನೋಡಿದವರು ವಿರಳರು.

ಕಿತ್ತೂರ ದೇಸಾಯರ ಮನೆತನವು 1585 ರಲ್ಲಿ ಮೊದಲಾಯಿತು. ಆರಂಭದಲ್ಲಿ ಸಂಪಗಾವಿಯೇ ಅವರ ಬೀಡಾಗಿದ್ದಿತು. 1660 ರಿಂದ 1691 ರ ವರೆಗೆ ಆಳಿದ ಅಲ್ಲಪ್ಪಗೌಡ ಸರದೇಸಾಯರು ಬೀಡನ್ನು ಕಿತ್ತೂರಿಗೆ ತಂದು, ಕೋಟೆಯನ್ನೂ ಅದರೊಳಗೆ ವಾಡೆಯನ್ನೂ ಕಟ್ಟಿಸಿದರು.

ವಾಡೆಯು ಪೂರ್ವಾಭಿಮುಖವಾದುದು. ದಪ್ಪ ಗೋಡೆಗಳು, ವಿಶಾಲವಾದ ಪಡಸಾಲೆ, ಒಳಗೇ ಬಾವಿ, ಸ್ನಾನದ ಕೋಣೆ ಇವನ್ನು ಇಂದಿಗೂ ಗುರುತಿಸಬಹುದು. ಧ್ರುವನಕ್ಷತ್ರವನ್ನು ನೋಡಲೆಂದೇ ಗೋಡೆಯಲ್ಲಿ ಬಿಟ್ಟ ರಂಧ್ರವು ನೋಡುವವರಿಗೆ ವಿಸ್ಮಯವನ್ನುಂಟುಮಾಡುವುದು. ಧ್ರುವನು ಯಾವ ಊರಿನಲ್ಲಿಯಾದರೂ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ತೋರುವನು. ಕಿತ್ತೂರಿನಲ್ಲಿ ಆ ಎತ್ತರವು ಸುಮಾರು 15 ಅಂಶಗಳಿಗೆ ತುಸು ಹೆಚ್ಚು. ಇಷ್ಟು ತಗ್ಗಿನಲ್ಲಿರುವ ಚುಕ್ಕೆಯನ್ನು ಗೋಡೆಯೊಳಗಿಂದ ಹಿಡಿಯಬೇಕಾದರೆ ಉತ್ತರದಿಕ್ಕಿನ ನಿಶ್ಚಯವೂ ಓರೆಯ ಅಳತೆಯೂ ತಪ್ಪಬಾರದು. ಕಟ್ಟಿದವರ ಕಾಯಕದ ನಿಷ್ಠೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಮನೆಗೆ ಕೇಡು ಬಂದುದು ವಾರಸಿನ ಪ್ರಶ್ನೆಯಿಂದ. 1824 ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ದೇಸಾಯರು ಸಂತಾನವಿಲ್ಲದೆ ಲಿಂಗೈಕ್ಯರಾದರು. ದತ್ತಕವನ್ನು ಕಂಪನಿಯ ಅಧಿಕಾರಿ ಥ್ಯಾಕರೆಯು ಮಾನ್ಯಮಾಡಲಿಲ್ಲ. ಅಕ್ಟೋಬರ್ 23 ರ ಕಾಳಗದಲ್ಲಿ ಅವನು ಮಡಿದನು. ಡಿಸೆಂಬರಿನಲ್ಲಿ ಕೋಟೆಯು ಕಂಪನಿಯ ವಶವಾಯಿತು. ಬೈಲಹೊಂಗಲದ ಸೆರೆಯಲ್ಲಿದ್ದ ಚೆನ್ನಮ್ಮನವರು 1829 ರ ಫೆಬ್ರುವರಿ 2 ರಂದು ಲಿಂಗೈಕ್ಯರಾದರು. ವಾಡೆಯು ಒಡೆಯರಿಲ್ಲದೆ ಹಾಳಾಯಿತು. ಈಗ ಅಲ್ಲಿ ಮೇಲ್ಮುದ್ದೆಯಿಲ್ಲ. ಗೋಡೆಗಳು ಬಯಲಿಗೆ ನಿಂತಿವೆ.

ಕಿತ್ತೂರಿನ ವಾರಸನ್ನು ಪರರು ಕಿತ್ತುಕೊಂಡರು. ನಮ್ಮ ಊರುಗಳ ಹಳೆಯ ವಾಡೆಗಳಿಗಾದರೋ ವಾರಸುದಾರರು ಹಲವರು. ಆದರೂ ಅವು ಬೀಳುತ್ತಿವೆ. ಪಾಲು ಎಲ್ಲರಿಗೂ ಬೇಕು, ಮಾಳಿಗೆಯ ಸೋರಿಕೆ ಯಾರಿಗೂ ಬೇಡ. ಕಲ್ಲುಗಳ ನಡುವೆ ಮಣ್ಣನ್ನು ತುಂಬಿ, ಮೇಲೆ ಸುಣ್ಣದ ಗಾರೆಯನ್ನು ಬಳಿದ ಗೋಡೆಗೆ ನೀರೇ ಶತ್ರು. ಮಾಳಿಗೆಯು ಒಂದೆಡೆ ಸೋರಿದರೆ ತೊಲೆಯು ಕೊಳೆಯುವುದು, ಮಣ್ಣು ಕರಗುವುದು, ಗೋಡೆಯು ಉಬ್ಬುವುದು. ಅವಸರದಿಂದ ಸಿಮೆಂಟನ್ನು ಬಳಿದರೆ ಒಳಗಿನ ತೇವವು ಹೊರಬೀಳಲಾರದೆ ಕೇಡು ಹೆಚ್ಚುವುದು. ಸುಣ್ಣಕ್ಕೆ ಸುಣ್ಣವೇ ಮದ್ದು.

ಆದುದರಿಂದ ಮುಂಗಾರಿಗೆ ಮೊದಲು ಮಾಳಿಗೆಯನ್ನೇರಿ, ಕಸವನ್ನು ತೆಗೆದು, ನೀರಿಗೆ ದಾರಿಮಾಡುವವನೇ ಮನೆಯ ನಿಜವಾದ ವಾರಸುದಾರನು. ಕಾಗದದಲ್ಲಿ ಹೆಸರಿದ್ದ ಮಾತ್ರಕ್ಕೆ ಮನೆಯು ಉಳಿಯದು. ಹಿರಿಯರು ಬಿಟ್ಟುಹೋದ ನೆಲೆಯನ್ನು ಕಾಯುವುದೂ ಒಂದು ಕಾಯಕವೇ ಸರಿ. ಕಿತ್ತೂರಿಗೆ ಹೋದ ಭಕ್ತರು ಆ ಬಯಲುಗೋಡೆಗಳ ನಡುವೆ ಕ್ಷಣಕಾಲ ನಿಂತು, ಹಿಂದಿರುಗಿದ ಮೇಲೆ ತಮ್ಮ ಮನೆಯ ಮಾಳಿಗೆಯನ್ನೊಮ್ಮೆ ನೋಡಲಿ.